ಅಜಂತಾದ ಗೋಡೆಗಳನ್ನು ನಿಧಾನವಾಗಿ ನೋಡಲು ಒಂದು ಮಾರ್ಗದರ್ಶಿ

ಅಜಂತಾಕ್ಕೆ ಹೋಗಿಬಂದ ಹಲವರ ಬಾಯಲ್ಲಿ ಒಂದೇ ಮಾತು: ಜಾಗ ಚೆನ್ನಾಗಿದೆ, ಆದರೆ ಒಳಗೆ ಕತ್ತಲೆ, ಚಿತ್ರಗಳೆಲ್ಲ ಅಳಿಸಿಹೋಗಿವೆ. ಅವರನ್ನು ದೂರುವಂತಿಲ್ಲ. ಮೂವತ್ತು ಗುಹೆಗಳನ್ನು ಎರಡು ಗಂಟೆಯಲ್ಲಿ ಮುಗಿಸಿ ಬಸ್ ಹಿಡಿಯುವ ಅವಸರದಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚು ಕಾಣುವುದಿಲ್ಲ. ಆ ಗೋಡೆಗಳು ಕೇಳುವುದು ಸಮಯವನ್ನು. ಹತ್ತು ಗುಹೆಗಳನ್ನಷ್ಟೇ ಆರಿಸಿಕೊಳ್ಳಿ, ಪ್ರತಿಯೊಂದರಲ್ಲೂ ಒಂದೋ ಎರಡೋ ಗೋಡೆಯ ಮುಂದೆ ನಿಲ್ಲಿ, ಕಥೆ ಮೊದಲೇ ತಿಳಿದುಕೊಂಡು ನಿಲ್ಲಿ. ಉಳಿದದ್ದು ಬಿಟ್ಟುಹೋದರೂ ಚಿಂತೆಯಿಲ್ಲ. ಈ ಲೇಖನ ಹಾಗೆ ನೋಡಬೇಕೆನ್ನುವವರಿಗೆ.

ಮೊದಲು ದಿನ, ದಾರಿ, ವಸತಿ

ಅಜಂತಾ ಸೋಮವಾರ ಮುಚ್ಚಿರುತ್ತದೆ, ಎಲ್ಲೋರಾ ಮಂಗಳವಾರ. ಎರಡನ್ನೂ ನೋಡುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನ್ನೂ ಒಂದೇ ದಿನಕ್ಕೆ ತುರುಕುವ ಪ್ಯಾಕೇಜುಗಳನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಛತ್ರಪತಿ ಸಂಭಾಜಿನಗರದಿಂದ, ಅಂದರೆ ಹಿಂದಿನ ಔರಂಗಾಬಾದಿನಿಂದ, ಅಜಂತಾ ಸುಮಾರು 100 ಕಿ.ಮೀ. ದೂರ. ಎಲ್ಲೋರಾ ಇನ್ನೊಂದು ದಿಕ್ಕಿನಲ್ಲಿದೆ.

ರೈಲಿನಲ್ಲಿ ಬರುವವರಿಗೆ ಜಳಗಾಂವ್ ಹತ್ತಿರ, ಅಲ್ಲಿಂದ ಸುಮಾರು 60 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ಮನ್ಮಾಡ್ ದಾಟಿ ಇದೇ ಮಾರ್ಗದಲ್ಲಿ ಸಾಗುತ್ತದೆ. ಕಾರಿನಲ್ಲಿ ಬರುವ ಉತ್ತರ ಕರ್ನಾಟಕದವರಿಗೆ ದಾರಿ ಇನ್ನೂ ಸಲೀಸು. ಅಂಕೋಲಾದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳ ಮೇಲೆ ಹಾದು ಸಂಭಾಜಿನಗರವನ್ನೇ ಮುಟ್ಟುತ್ತದೆ.

ಹಿಂದಿನ ರಾತ್ರಿ ಗುಹೆಗಳ ಬಳಿಯ ಫರ್ದಾಪುರದಲ್ಲಿ ಉಳಿದುಕೊಳ್ಳುವುದು ಒಳ್ಳೆಯದು. ನಗರದಿಂದ ಬೆಳಿಗ್ಗೆ ಹೊರಟವರು ತಲುಪುವಷ್ಟರಲ್ಲಿ ಹನ್ನೊಂದಾಗಿರುತ್ತದೆ, ಶಾಲಾ ಪ್ರವಾಸದ ಬಸ್ಸುಗಳೂ ಆಗಲೇ ಬರುತ್ತವೆ. ಸ್ವಂತ ವಾಹನವನ್ನು ಫರ್ದಾಪುರದ ಕೂಡುರಸ್ತೆಯಲ್ಲೇ ಬಿಟ್ಟು, ಉಳಿದ ನಾಲ್ಕು ಕಿ.ಮೀ. ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಬಾಗಿಲು ತೆರೆಯುವುದು ಬೆಳಿಗ್ಗೆ 9ಕ್ಕೆ. ಟಿಕೆಟನ್ನು ಪುರಾತತ್ವ ಇಲಾಖೆಯ ಜಾಲತಾಣದಲ್ಲಿ ಮೊದಲೇ ತೆಗೆದುಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ಕಪ್ಪು ಬಂಡೆಯ ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಬೇಡ. ಮಳೆಗಾಲದಲ್ಲಿ ವಾಘೋರಾ ನದಿ ತುಂಬಿ, ಕಣಿವೆಯ ತುದಿಯಲ್ಲಿ ಜಲಪಾತ ಧುಮುಕುವುದು ಕಣ್ತುಂಬುವ ನೋಟ. ಆದರೆ ಕಲ್ಲು ಜಾರುತ್ತದೆ. ನಡೆಯಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊರುವ ಡೋಲಿಯವರು ಬಾಗಿಲಲ್ಲೇ ಸಿಗುತ್ತಾರೆ. ದರವನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಮನೆಯಲ್ಲೇ ಮಾಡಿ ಮುಗಿಸಬೇಕಾದ ಕೆಲಸ: ಐದು ಕಥೆಗಳು

ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಅಜಂತಾದ ಗೋಡೆಗಳ ಮೇಲಿರುವುದು ಬಹುಪಾಲು ಜಾತಕ ಕಥೆಗಳು, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳು. ಜೊತೆಗೆ ಅವನ ಜೀವನದ ಪ್ರಸಂಗಗಳು. ಕಥೆ ಗೊತ್ತಿಲ್ಲದವರಿಗೆ ಅದು ಬರೀ ಜನಜಂಗುಳಿಯಾಗಿ ಕಾಣುತ್ತದೆ. ಈ ಐದನ್ನು ತಿಳಿದುಕೊಂಡು ಹೋದರೆ ಸಾಕು, ಮಕ್ಕಳಿಗೂ ಹೇಳಿ ಕರೆದೊಯ್ಯಿರಿ.

ಛದ್ದಂತ ಜಾತಕ: ಆರು ದಂತಗಳ ಆನೆರಾಜ. ಅವನ ಇಬ್ಬರು ರಾಣಿಯರಲ್ಲಿ ಒಬ್ಬಳು ತನಗೆ ಅವಮಾನವಾಯಿತೆಂದು ಕೊರಗಿ ಸತ್ತು, ಮುಂದಿನ ಜನ್ಮದಲ್ಲಿ ಕಾಶಿಯ ರಾಣಿಯಾಗಿ ಹುಟ್ಟುತ್ತಾಳೆ. ಹಳೆಯ ಸೇಡು ಮರೆತಿರುವುದಿಲ್ಲ. ಆ ದಂತಗಳನ್ನು ತರಲು ಬೇಡನನ್ನು ಕಳಿಸುತ್ತಾಳೆ. ಬಾಣ ನಾಟಿದ ಆನೆ ಬೇಡನನ್ನು ಕೊಲ್ಲದೆ, ದಂತ ಕೊಯ್ಯಲು ತಾನೇ ನೆರವಾಗುತ್ತದೆ. ದಂತಗಳನ್ನು ಕಂಡ ರಾಣಿಯ ಎದೆ ಒಡೆಯುತ್ತದೆ.

ವಿಶ್ವಂತರ ಜಾತಕ: ಬೇಡಿದವರಿಗೆ ಇಲ್ಲವೆನ್ನದ ರಾಜಕುಮಾರ, ಮಳೆ ತರುವ ಬಿಳಿಯಾನೆಯನ್ನೇ ದಾನ ಮಾಡಿ ನಾಡಿನಿಂದ ಹೊರಬೀಳುತ್ತಾನೆ. ಕಾಡಿನಲ್ಲಿ ಜೂಜಕನೆಂಬ ಮುದಿ ಬ್ರಾಹ್ಮಣನಿಗೆ ತನ್ನ ಮಕ್ಕಳನ್ನೂ ಕೊಟ್ಟುಬಿಡುತ್ತಾನೆ.

ಮಹಾಜನಕ ಜಾತಕ: ಹಡಗು ಮುಳುಗಿದರೂ ಈಜಿ ಬದುಕಿ ರಾಜನಾದವನು, ಕೊನೆಗೆ ರಾಣಿ ಸೀವಲಿಯ ಅಳಲಿಗೂ ನಿಲ್ಲದೆ ಎಲ್ಲ ಬಿಟ್ಟು ಹೊರಡುತ್ತಾನೆ.

ಸಿಂಹಲನ ಕಥೆ: ರಾಕ್ಷಸಿಯರ ದ್ವೀಪಕ್ಕೆ ಸಿಕ್ಕಿಬಿದ್ದ ವರ್ತಕನೊಬ್ಬ ಬಿಳಿ ಕುದುರೆಯ ಬೆನ್ನೇರಿ ಪಾರಾಗುತ್ತಾನೆ. ಒಬ್ಬ ರಾಕ್ಷಸಿ ಸುಂದರಿಯ ವೇಷದಲ್ಲಿ ಬೆನ್ನಟ್ಟಿ ಬರುತ್ತಾಳೆ. ಅವಳಿಗೆ ಮರುಳಾದ ರಾಜ ಹೆಣವಾಗುತ್ತಾನೆ. ಸಿಂಹಲ ತಾನೇ ಪಟ್ಟವೇರಿ ದ್ವೀಪದ ಮೇಲೆ ದಂಡೆತ್ತಿ ಹೋಗುತ್ತಾನೆ.

ಐದನೆಯದು ನಂದನ ಕಥೆ, ಜಾತಕವಲ್ಲ. ಬುದ್ಧನ ತಮ್ಮ ನಂದ ಒಲ್ಲದ ಮನಸ್ಸಿನಿಂದಲೇ ಭಿಕ್ಷುವಾದ. ಮನೆಯಲ್ಲಿ ಕಾದಿದ್ದ ಹೆಂಡತಿಗೆ ಸುದ್ದಿ ಮುಟ್ಟಿತು.

ಹೊರಡುವ ಮುನ್ನ ಒಂದಿಷ್ಟು ಕಾಲಗಣನೆ

ಗುಹೆಗಳ ಸಂಖ್ಯೆ ಅವು ಹುಟ್ಟಿದ ಕ್ರಮವಲ್ಲ. ಬಾಗಿಲಿನ ಕಡೆಯಿಂದ ಸಾಲಾಗಿ ಕೊಟ್ಟ ಸಂಖ್ಯೆ ಅಷ್ಟೇ. ಕುದುರೆ ಲಾಳದಂತೆ ಬಾಗಿದ ಬಂಡೆಯ ನಟ್ಟನಡುವಿನ 9, 10, 12, 13 ಮತ್ತು 15ಎ ಮೊದಲ ಹಂತದವು, ಕ್ರಿ.ಪೂ. 2 ಮತ್ತು 1ನೇ ಶತಮಾನದ ಆಸುಪಾಸಿನವು. ಆಮೇಲೆ ಹಲವು ಶತಮಾನ ಇಲ್ಲಿ ಉಳಿಯ ಸದ್ದಿಲ್ಲ. ಕ್ರಿ.ಶ. 5ನೇ ಶತಮಾನದ ಉತ್ತರಾರ್ಧದಲ್ಲಿ, ವಾಕಾಟಕ ದೊರೆ ಹರಿಷೇಣನ ಕಾಲದಲ್ಲಿ, ಮಂತ್ರಿಗಳೂ ಸಾಮಂತರೂ ಭಿಕ್ಷುಗಳೂ ಒಟ್ಟಿಗೆ ಕೆಲಸ ಹಚ್ಚಿದರು. 16ನೇ ಗುಹೆಯ ಶಾಸನದಲ್ಲಿ ಹರಿಷೇಣನ ಮಂತ್ರಿ ವರಾಹದೇವನ ಹೆಸರಿದೆ, 26ನೇ ಗುಹೆಯ ಶಾಸನದಲ್ಲಿ ಭಿಕ್ಷು ಬುದ್ಧಭದ್ರನ ಹೆಸರಿದೆ. ಹರಿಷೇಣನ ನಂತರ ಆಶ್ರಯ ತಪ್ಪಿ ಕೆಲಸ ಎಲ್ಲಿದ್ದದ್ದು ಅಲ್ಲೇ ನಿಂತಿತು ಎಂದು ಕಲಾ ಇತಿಹಾಸಕಾರ ವಾಲ್ಟರ್ ಸ್ಪಿಂಕ್ ವಾದಿಸಿದರು. ಅವರ ಕಾಲನಿರ್ಣಯದ ವಿವರಗಳನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಅರ್ಧಕ್ಕೆ ಬಿಟ್ಟ ಕಂಬಗಳನ್ನು ಕಂಡಾಗ ಆ ವಾದದ ಬಲ ಮನಸ್ಸಿಗೆ ತಟ್ಟುತ್ತದೆ.

ಈ ಕಾರಣಕ್ಕೇ ನನ್ನ ಸಲಹೆ: ಎಲ್ಲರಂತೆ 1ರಿಂದ ಶುರು ಮಾಡಬೇಡಿ. ನೇರ 10ಕ್ಕೆ ನಡೆಯಿರಿ. ಅಲ್ಲಿಂದ 9, 12, 16, 17, 19, 24, 26. ಹಿಂದಿರುಗುವಾಗ 2 ಮತ್ತು 1. ಹಳೆಯದರಿಂದ ಹೊಸದಕ್ಕೆ ಬಂದಂತಾಗುತ್ತದೆ, ಬೆಳಗಿನ ಹೊತ್ತು 1 ಮತ್ತು 2ರ ಬಾಗಿಲಲ್ಲಿ ಸೇರುವ ಗುಂಪಿನಿಂದಲೂ ಪಾರಾಗುತ್ತೀರಿ. ಇಡೀ ಸುತ್ತಿಗೆ ಆರು ಗಂಟೆಯಾದರೂ ಬೇಕು, ಮುಚ್ಚುವ ಹೊತ್ತಿಗೆ ಮುನ್ನ ಕೊನೆಯ ಎರಡು ಗುಹೆಗಳಿಗೆ ಒಂದೂವರೆ ಗಂಟೆ ಉಳಿಸಿಕೊಳ್ಳಿ. ಎರಡೇ ಗಂಟೆ ಇದ್ದರೆ 17 ಮತ್ತು 1 ನೋಡಿ, ಬೇರೆ ಯಾವುದೂ ಬೇಡ.

ಚೀಲದಲ್ಲಿ ನೀರು, ಸಣ್ಣ ದುರ್ಬೀನು, ಕಾಲುಚೀಲ ಇರಲಿ. ಚಿತ್ರಗಳಿರುವ ಗುಹೆಗಳಿಗೆ ಚಪ್ಪಲಿ ಬಿಟ್ಟೇ ಹೋಗಬೇಕು. ದುರ್ಬೀನು ಹಕ್ಕಿ ನೋಡುವವರ ವಸ್ತುವೆಂದು ಬಿಟ್ಟುಬರಬೇಡಿ. ಮೇಲ್ಛಾವಣಿಯ ಚಿತ್ರಗಳನ್ನು ಅದಿಲ್ಲದೆ ನೋಡಿದರೆ ಅರ್ಧ ನೋಡಿದಂತೆ.

ಕಣ್ಣಿಗೆ ಕತ್ತಲೆ ಒಗ್ಗಲಿ

ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ತಕ್ಷಣ ಏನೂ ಕಾಣುವುದಿಲ್ಲ. ಹೆಚ್ಚಿನವರು ಈ ಹೊತ್ತಿನಲ್ಲೇ ಮೊಬೈಲಿನ ಟಾರ್ಚ್ ಹಚ್ಚಲು ಹೋಗಿ ಕಾವಲುಗಾರರಿಂದ ಬೈಸಿಕೊಳ್ಳುತ್ತಾರೆ. ಟಾರ್ಚ್ ಬೇಡ, ಫ್ಲ್ಯಾಶ್ ಖಂಡಿತ ಬೇಡ. ಗುಹೆಯ ಹೊರಗೆ ನಡೆಯುವಾಗ ಕಪ್ಪು ಕನ್ನಡಕ ಹಾಕಿಕೊಂಡಿದ್ದು ಬಾಗಿಲಲ್ಲಿ ತೆಗೆದರೆ ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ಒಳಗೆ ಐದು ನಿಮಿಷ ಸುಮ್ಮನೆ ನಿಲ್ಲಿ, ಮೊಬೈಲ್ ಪರದೆ ನೋಡದೆ. ಮೊದಲು ಬಿಳಿ ಕಾಣುತ್ತದೆ, ಮುತ್ತಿನ ಸರಗಳು, ಕಣ್ಣಿನ ಬಿಳಿ. ಆಮೇಲೆ ಕೆಂಪು ಮಣ್ಣಿನ ಬಣ್ಣ. ಹಸಿರೂ ನೀಲಿಯೂ ಕೊನೆಗೆ ತೆರೆದುಕೊಳ್ಳುತ್ತವೆ. ಒಂದು ಗುಂಪು ಬಂದು ಹೋಗುವಷ್ಟು ಹೊತ್ತು ಬದಿಗೆ ಸರಿದು ನಿಂತಿದ್ದರೆ, ಅದೇ ಗೋಡೆ ಬೇರೆಯೇ ಆಗಿರುತ್ತದೆ.

10ನೇ ಗುಹೆಯಿಂದ ಆರಂಭ

ಇದು ಚೈತ್ಯ, ಪ್ರಾರ್ಥನೆಯ ಸ್ಥಳ. 39 ಎಂಟುಮೂಲೆಯ ಕಂಬಗಳು, ಕೊನೆಯಲ್ಲಿ ಅಲಂಕಾರವಿಲ್ಲದ ಸ್ತೂಪ. ಬಲಗೋಡೆಯಲ್ಲಿ ಛದ್ದಂತನ ಕಥೆಯಿದೆ. ದಂತಗಳನ್ನು ಕಂಡು ಕುಸಿಯುವ ರಾಣಿ, ಅವಳನ್ನು ಹಿಡಿಯುವ ಕೈಗಳು, ಆನೆಗಳ ಹಿಂಡು. ಭಾರತದಲ್ಲಿ ಉಳಿದಿರುವ ಅತ್ಯಂತ ಹಳೆಯ ಭಿತ್ತಿಚಿತ್ರಗಳಲ್ಲಿ ಇವು ಸೇರುತ್ತವೆ. ಅವುಗಳ ಮೇಲೆ ನಮ್ಮ ಜನ ಮೊಳೆಯಿಂದ ಗೀಚಿದ ಹೆಸರುಗಳನ್ನು ನೋಡುವಾಗ ನಿಜವಾಗಿಯೂ ನೋವಾಗುತ್ತದೆ. ಬಿಟ್ಟುಹೋಗಿದ್ದ ಈ ಕಣಿವೆಯ ಗುಹೆಗಳನ್ನು 1819ರ ಏಪ್ರಿಲ್ 28ರಂದು ಹೊರಲೋಕದ ಗಮನಕ್ಕೆ ತಂದ ಬ್ರಿಟಿಷ್ ಸೈನ್ಯಾಧಿಕಾರಿ ಜಾನ್ ಸ್ಮಿತ್ ಕೂಡ ಇಲ್ಲಿನ ಕಂಬವೊಂದರ ಮೇಲೆ ತನ್ನ ಹೆಸರು ಕೊರೆದಿದ್ದಾನೆ. ಅದು ಇಂದಿನ ಕಣ್ಣಳತೆಗಿಂತ ಬಹಳ ಮೇಲಿದೆ. ಅವನು ನಿಂತದ್ದು ತುಂಬಿಕೊಂಡಿದ್ದ ಮಣ್ಣಿನ ರಾಶಿಯ ಮೇಲೆ.

ಇಲ್ಲಿ ಒಂದನ್ನು ಗಮನದಲ್ಲಿಟ್ಟುಕೊಳ್ಳಿ: ಹಳೆಯ ಚಿತ್ರಗಳಲ್ಲಿ ನೀಲಿ ಬಣ್ಣವಿಲ್ಲ. ಕಂಬಗಳ ಮೇಲಿನ ಬುದ್ಧರ ಚಿತ್ರಗಳು ಐದಾರು ಶತಮಾನ ತಡವಾಗಿ ಬಂದವು. ಎರಡನ್ನೂ ಬೆರೆಸಿ ನೋಡಬೇಡಿ. ಪಕ್ಕದ 9ನ್ನು ಬೇಗ ಮುಗಿಸಿ. 12ರಲ್ಲಿ ಚಿತ್ರವಿಲ್ಲ, ಆದರೂ ಒಳಗೆ ಇಣುಕಿ. ಭಿಕ್ಷುಗಳ ಸಣ್ಣ ಕೋಣೆಗಳು, ಒಂದೊಂದರಲ್ಲೂ ಕಲ್ಲಿನ ಮಂಚಗಳು.

ಗಾರೆಯನ್ನು ನೋಡಲು ಕಲಿಯಿರಿ

16ಕ್ಕೆ ಹೋಗುವ ಮುನ್ನ, ಚಿತ್ರ ಉದುರಿದ ಜಾಗವೊಂದನ್ನು ಹುಡುಕಿ ಅದರ ಅಂಚನ್ನು ದೂರದಿಂದಲೇ ಗಮನಿಸಿ. ಚಿತ್ರ ಹೇಗೆ ಹುಟ್ಟಿತೆಂಬುದು ಅಲ್ಲಿ ಪದರ ಪದರವಾಗಿ ಬಿಚ್ಚಿಕೊಂಡಿರುತ್ತದೆ. ಒಳಗೆ ಕಪ್ಪು ಬಸಾಲ್ಟ್ ಶಿಲೆ. ಗಾರೆ ಹಿಡಿಯಲೆಂದು ಉಳಿಯ ಗುರುತುಗಳನ್ನು ಒರಟಾಗಿಯೇ ಬಿಟ್ಟಿದ್ದಾರೆ. ಅದರ ಮೇಲೆ ಮಣ್ಣು, ಮರಳು, ಭತ್ತದ ಹೊಟ್ಟು, ನಾರು ಕಲಸಿ ಮೆತ್ತಿದ ಗಾರೆ. ಅದರ ಮೇಲೆ ಇನ್ನೂ ನುಣುಪಾದ ಪದರ, ಕೊನೆಗೆ ತೆಳ್ಳನೆಯ ಸುಣ್ಣ. ಒಣಗಿದ ಸುಣ್ಣದ ಮೇಲೆ ಕೆಮ್ಮಣ್ಣಿನಿಂದ ಗೆರೆ ಎಳೆದು, ಬಣ್ಣಕ್ಕೆ ಅಂಟು ಬೆರೆಸಿ ತುಂಬಿದರು. ಹಸಿ ಸುಣ್ಣದ ಮೇಲೆ ಬರೆಯುವ ಯುರೋಪಿನ ಫ್ರೆಸ್ಕೊ ಇದಲ್ಲ. ಹಲವು ಪುಸ್ತಕಗಳು ಹಾಗೆ ಕರೆದರೂ.

ಕೆಂಪು, ಹಳದಿ, ಹಸಿರು ಮೂರೂ ಮಣ್ಣಿನಿಂದಲೇ ಬಂದವು. ಕಪ್ಪು ದೀಪದ ಕಾಡಿಗೆಯಿಂದ. ನೀಲಿ ಮಾತ್ರ ದೂರದ್ದು. ಈಗಿನ ಅಫ್ಘಾನಿಸ್ತಾನದ ಬದಖ್‌ಶಾನ್‌ನಲ್ಲಿ ಅಗೆದ ಲಾಪಿಸ್ ಲಾಜುಲಿ ಕಲ್ಲಿನ ಪುಡಿ. 17, 2, 1ನೇ ಗುಹೆಗಳಲ್ಲಿ ನೀಲಿ ಕಂಡಾಗಲೆಲ್ಲ ಈ ಕಣಿವೆಯವರೆಗೆ ಆ ಕಲ್ಲನ್ನು ತಂದ ವರ್ತಕರ ದಾರಿಯನ್ನು ನೆನೆಯಿರಿ.

ಹೊಟ್ಟು, ನಾರು ಇರುವುದರಿಂದಲೇ ಕೀಟಗಳಿಗೆ ಗಾರೆ ಆಹಾರವಾಗುತ್ತದೆ. ಬಂಡೆಯಿಂದ ನೀರು ಜಿನುಗುತ್ತದೆ, ನಮ್ಮ ಉಸಿರಿನ ತೇವವೂ ಸೇರುತ್ತದೆ. ಒಂದು ಬಾರಿಗೆ ಇಂತಿಷ್ಟೇ ಜನ ಎಂದು ಕಾವಲುಗಾರರು ತಡೆಯುವುದು ಇದಕ್ಕಾಗಿ. ಬೆನ್ನುಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ, ತಿರುಗುವಾಗ ಗೋಡೆಗೆ ಉಜ್ಜುವುದು ನಿಮಗೆ ಗೊತ್ತೇ ಆಗುವುದಿಲ್ಲ. ಕೆಲವೆಡೆ ಕಾಣುವ ಹಳದಿ ಹೊಳಪು ಮೂಲದ್ದಲ್ಲ. 1920ರ ದಶಕದ ಆರಂಭದಲ್ಲಿ ಹೈದರಾಬಾದ್ ನಿಜಾಮರು ಇಟಲಿಯಿಂದ ಕರೆಸಿದ ತಜ್ಞರು, ಉದುರುವ ಚಿತ್ರಗಳನ್ನು ಗೋಡೆಗೆ ಕಚ್ಚಿಸಿ ಉಳಿಸಿದರು. ಆದರೆ ಬಳಿದ ಅರಗಿನ ಲೇಪ ಕಾಲಕ್ರಮೇಣ ಹಳದಿಗಟ್ಟಿತು. ಅದನ್ನು ಅಂಗುಲ ಅಂಗುಲವಾಗಿ ತೆಗೆಯುವ ಕೆಲಸ ಪುರಾತತ್ವ ಇಲಾಖೆಯ ರಸಾಯನತಜ್ಞರ ಪಾಲಿಗೆ ಬಂತು.

16 ಮತ್ತು 17: ಇಲ್ಲಿ ಕೂತುಬಿಡಿ

16ರ ಎಡಗೋಡೆಯಲ್ಲಿ ನಂದನ ಹೆಂಡತಿಯನ್ನು ಹುಡುಕಿ. ನಂದ ಬಿಟ್ಟುಹೋದ ಕಿರೀಟವನ್ನು ಸೇವಕ ತಂದು ಹಿಡಿದಿದ್ದಾನೆ. ಅವಳ ತಲೆ ಒಂದು ಕಡೆಗೆ ವಾಲಿದೆ, ಕಣ್ಣು ಅರೆಮುಚ್ಚಿದೆ, ಬೆರಳುಗಳಲ್ಲಿ ಶಕ್ತಿಯಿಲ್ಲ. ಸುತ್ತಲಿನ ಪ್ರತಿ ಹೆಂಗಸಿನ ಮುಖವನ್ನೂ ಒಂದೊಂದಾಗಿ ನೋಡಿ, ಒಬ್ಬಳ ಆತಂಕ ಇನ್ನೊಬ್ಬಳದರಂತಿಲ್ಲ.

17ರಲ್ಲಿ ಅಜಂತಾದ ಚಿತ್ರಗಳು ಅತಿ ಹೆಚ್ಚು ಉಳಿದಿವೆ. ಮೊಗಸಾಲೆಯಲ್ಲೇ ಕಾಲು ಗಂಟೆ ಕೊಡಿ. ಬಾಗಿಲ ಮೇಲೆ ಏಳು ಬುದ್ಧರು ಮತ್ತು ಬರಲಿರುವ ಮೈತ್ರೇಯ. ಎಡಕ್ಕೆ ಮೋಡಗಳ ನಡುವೆ ಹಾರಿಬರುವ ಇಂದ್ರ, ವೇಗಕ್ಕೆ ಕೊರಳ ಹಾರಗಳು ಹಿಂದಕ್ಕೆ ತೂಗಿವೆ. ಮೊಗಸಾಲೆಯ ಎಡ ತುದಿಯ ಗೋಡೆಯಲ್ಲಿ ಭವಚಕ್ರದ, ಅಂದರೆ ಹುಟ್ಟುಸಾವುಗಳ ಚಕ್ರದ, ತುಣುಕು.

ಒಳಗೆ ಹೋದ ಮೇಲೆ ಪ್ರದಕ್ಷಿಣೆಯ ಹಾಗೆ ಎಡದಿಂದ ನಡೆಯಿರಿ. ಎಡಗೋಡೆಯ ಉದ್ದಕ್ಕೂ ವಿಶ್ವಂತರ. ಇಲ್ಲೊಂದು ಕೀಲಿಕೈ ಬೇಕು. ಅಜಂತಾದ ಕಥೆ ನಮ್ಮ ಚಿತ್ರಕಥೆಯ ಪುಸ್ತಕದಂತೆ ಒಂದರ ಮುಂದೊಂದು ಚೌಕಟ್ಟಿನಲ್ಲಿ ಸಾಗುವುದಿಲ್ಲ. ಅರಮನೆಯಲ್ಲಿ ನಡೆದದ್ದೆಲ್ಲ ಒಂದೆಡೆ, ಕಾಡಿನಲ್ಲಿ ನಡೆದದ್ದೆಲ್ಲ ಒಂದೆಡೆ. ಸ್ಥಳದ ಪ್ರಕಾರ ದೃಶ್ಯಗಳು ಗುಂಪುಗೂಡುತ್ತವೆ. ಹಾಗಾಗಿ ಆರಂಭವನ್ನು ಹುಡುಕಬೇಡಿ. ಒಬ್ಬ ವ್ಯಕ್ತಿಯನ್ನು ಹಿಡಿಯಿರಿ, ಅವನ ಕಿರೀಟ, ಮೈಬಣ್ಣ ಗುರುತಿಟ್ಟುಕೊಳ್ಳಿ, ಅವನು ಗೋಡೆಯ ಮೇಲೆ ಮತ್ತೆಲ್ಲಿ ಬರುತ್ತಾನೆಂದು ನೋಡಿ. ತೆಳುವಾದ ಕಂಬಗಳ ಮಂಟಪ ಕಂಡರೆ ಅರಮನೆಯ ಒಳಗು. ಇಟ್ಟಿಗೆ ಜೋಡಿಸಿದಂಥ ಚೌಕ ಬಂಡೆಗಳು ಕಂಡರೆ ಬೆಟ್ಟ, ಕಾಡು. ಬಾಗಿಲೊಂದರಿಂದ ಕುದುರೆಯೋ ರಥವೋ ಹೊರಬರುತ್ತಿದ್ದರೆ ದೃಶ್ಯ ಬದಲಾಗುತ್ತಿದೆ ಎಂದರ್ಥ. ಆಡುಗಡ್ಡದ ಕುರೂಪಿ ಮುದುಕ ಕಂಡರೆ ಅವನೇ ಜೂಜಕ.

ಎದುರಿನ ಬಲಗೋಡೆ ಸಿಂಹಲನದು. ದೋಣಿಗಳಲ್ಲಿ ಬಂದಿಳಿಯುವ ಆನೆ, ಕುದುರೆಗಳ ದಂಡು, ಕೆಳಗೆ ರಾಕ್ಷಸಿಯರು. ಗರ್ಭಗುಡಿಯ ಮುಂದಿನ ಕೋಣೆಯಲ್ಲಿ ಭಿಕ್ಷಾಪಾತ್ರೆ ಹಿಡಿದ ಬೃಹತ್ ಬುದ್ಧನೆದುರು ತಾಯಿಯೊಬ್ಬಳು ಮಗುವನ್ನು ಮುಂದೆ ನಿಲ್ಲಿಸಿಕೊಂಡಿದ್ದಾಳೆ. ಯಶೋಧರೆ ಮತ್ತು ರಾಹುಲ. ನನ್ನ ಮಟ್ಟಿಗೆ ಇಡೀ ಕಣಿವೆಯಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ಚಿತ್ರವಿಲ್ಲ. 1ನೇ ಗುಹೆಯ ಹೆಸರಾಂತ ಪದ್ಮಪಾಣಿಗಿಂತಲೂ, ಅಂದರೆ ತಾವರೆ ಹಿಡಿದ ಬೋಧಿಸತ್ವನಿಗಿಂತಲೂ, ಇದನ್ನೇ ಮೊದಲು ನೋಡಿ ಎನ್ನುತ್ತೇನೆ.

19, 24, 26

ಇಲ್ಲಿ ಕಣ್ಣಿಗೆ ಚಿತ್ರದಿಂದ ಬಿಡುವು. 19ರ ಮುಂಭಾಗದ ಕೆತ್ತನೆ ನೋಡಿ. 24 ಅರ್ಧಕ್ಕೆ ನಿಂತ ವಿಹಾರ, ಭಿಕ್ಷುಗಳ ವಾಸದ ಜಾಗ. ಬಂಡೆಯನ್ನು ಮೇಲಿನಿಂದ ಕೆಳಗೆ ಕೊರೆಯುತ್ತ, ಕಂಬಗಳಿಗೆಂದು ಕಲ್ಲನ್ನು ಉಳಿಸುತ್ತ ಹೋದ ಬಗೆ ಇಲ್ಲಿ ನೇರವಾಗಿ ಕಾಣುತ್ತದೆ. 26ರ ಎಡಗೋಡೆಯಲ್ಲಿ ಏಳು ಮೀಟರಿನಷ್ಟು ಉದ್ದದ ಮಹಾಪರಿನಿರ್ವಾಣದ ಬುದ್ಧ ಮಲಗಿದ್ದಾನೆ, ಕೆಳಗೆ ಅಳುವ ಶಿಷ್ಯರು.

ಹಿಂದಿರುಗುವಾಗ 2, ಕೊನೆಗೆ 1

2ರಲ್ಲಿ ತಲೆಯೆತ್ತಿ. ದುರ್ಬೀನು ಹೊರತೆಗೆಯುವ ಹೊತ್ತಿದು. ವೃತ್ತದೊಳಗೆ ವೃತ್ತ, ಅದರಲ್ಲಿ ಹಂಸಗಳ ಸಾಲು. ಒಂದು ಹಂಸದ ಭಂಗಿ ಇನ್ನೊಂದಕ್ಕಿಲ್ಲ. ಬಲಗಡೆಯ ಸಣ್ಣ ಗುಡಿಯಲ್ಲಿ ಮಕ್ಕಳ ತಾಯಿ ಹಾರೀತಿ ತನ್ನ ಗಂಡ ಪಂಚಿಕನೊಡನೆ ಕೂತಿದ್ದಾಳೆ. ಮಕ್ಕಳೊಂದಿಗೆ ಬಂದವರು ಇಲ್ಲಿ ನಿಲ್ಲದೆ ಹೋಗಬೇಡಿ.

1ರಲ್ಲಿ ಎಲ್ಲರೂ ಓಡುವುದು ಗರ್ಭಗುಡಿಯ ಎಡಕ್ಕಿರುವ ಪದ್ಮಪಾಣಿಯತ್ತ. ನೀವು ಮೊದಲು ಎಡಗೋಡೆಯ ಮಹಾಜನಕನನ್ನು ನೋಡಿ. ವಾದ್ಯಗಳ ನಡುವೆ ಕುಣಿಯುವ ನರ್ತಕಿ, ಮಂಟಪದಲ್ಲಿ ರಾಣಿಯ ಪಕ್ಕದಲ್ಲೇ ಕೂತರೂ ಮನಸ್ಸು ಬೇರೆಲ್ಲೋ ಇರುವ ರಾಜ, ಆಮೇಲೆ ಕುದುರೆಯೇರಿ ಹೊರಡುವವನು. ಬಳಿಕ ಪದ್ಮಪಾಣಿಯ ಮುಂದೆ ನಿಂತರೆ, ಅವನ ಸುತ್ತ ಜೋಡಿಗಳು, ಕೋತಿಗಳು, ನವಿಲುಗಳು ತುಂಬಿರುವ ಲೋಕವೂ ಅದರ ನಡುವೆ ಅವನ ಕೆಳಗೆ ಬಾಗಿದ ಕಣ್ಣುಗಳೂ ಹೆಚ್ಚು ಅರ್ಥವಾಗುತ್ತವೆ. ಹುಬ್ಬಿನ ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಮೂಗು, ತುಟಿ, ಗಲ್ಲದ ಮೇಲೆ ಬೆಳಕಿಗಾಗಿ ಎಳೆದ ಬಿಳಿ ಎಲ್ಲಿದೆ ಎಂದು ಹುಡುಕಿ. ಬೆಳಕು ಒಂದೇ ದಿಕ್ಕಿನಿಂದ ಬರುತ್ತಿಲ್ಲ, ಉಬ್ಬಿದ ಭಾಗಗಳೆಲ್ಲ ತಾವೇ ಬೆಳಗುತ್ತವೆ.

ಕನ್ನಡಿಗರಿಗಾಗಿ ಇನ್ನೊಂದು ಮಾತು. ಈ ಗುಹೆಯ ಮುಂಗೋಡೆಯ ಒಳಮೈಯಲ್ಲಿ ಪರದೇಶಿ ಉಡುಪಿನವರು ರಾಜನಿಗೆ ಕಾಣಿಕೆ ಒಪ್ಪಿಸುವ ದೃಶ್ಯವಿದೆ. ಅದು ಇಮ್ಮಡಿ ಪುಲಕೇಶಿ ಪಾರಸಿಕ ದೊರೆ ಖುಸ್ರುವಿನ ರಾಯಭಾರಿಗಳನ್ನು ಬರಮಾಡಿಕೊಂಡದ್ದು ಎಂದು 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಹೇಳಿದರು. ಈಗಲೂ ಹಲವರು ಹಾಗೇ ಹೇಳುತ್ತಾರೆ, ನಿಮ್ಮ ಗೈಡ್ ಕೂಡ ಹೇಳಬಹುದು. ಪುಲಕೇಶಿ ಆಳಿದ್ದು 7ನೇ ಶತಮಾನದಲ್ಲಿ. ಗುಹೆ ಹರಿಷೇಣನ ಕಾಲದ್ದು, ಒಂದೂವರೆ ಶತಮಾನದಷ್ಟು ಹಿಂದಿನದು. ಅದನ್ನು ಜಾತಕ ಕಥೆಯೊಂದರ ದೃಶ್ಯವೆಂದೇ ಇಂದಿನ ವಿದ್ವಾಂಸರು ಓದುತ್ತಾರೆ. ನಮ್ಮ ದೊರೆಯ ಚಿತ್ರ ಅಲ್ಲಿರಬೇಕೆಂಬ ಆಸೆ ಸಹಜ, ಆದರೆ ಕಾಲ ಅದಕ್ಕೆ ಒಪ್ಪುವುದಿಲ್ಲ.

ಗಟ್ಟಿಯಾದ ನಂಟು ಬೇರೆಡೆ ಇದೆ. 1844ರಲ್ಲಿ ನೇಮಕಗೊಂಡು ವರ್ಷಗಟ್ಟಲೆ ಇಲ್ಲಿ ನಕಲು ತೆಗೆದ ರಾಬರ್ಟ್ ಗಿಲ್‌ನ ಚಿತ್ರಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ ಜಾನ್ ಗ್ರಿಫಿತ್ಸ್ ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳೊಂದಿಗೆ ಮಾಡಿದ ನಕಲುಗಳಲ್ಲೂ ಬಹಳಷ್ಟು 1885ರ ಬೆಂಕಿಗೆ ಹೋದವು. ಮತ್ತೆ 1909ರಿಂದ 1911ರ ನಡುವೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಹೊಸದಾಗಿ ನಕಲು ತೆಗೆಸಿದಾಗ ಆ ತಂಡದಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಅವರ ಜೊತೆ ಮೈಸೂರಿನ ಕೆ. ವೆಂಕಟಪ್ಪ ಇದ್ದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಅಜಂತಾಕ್ಕೆ ಹೋಗುವ ಮೊದಲೋ ಬಂದ ಮೇಲೋ ಅವರ ಗೆರೆಗಳನ್ನು ನೋಡಿ ಬನ್ನಿ.

ವಾಪಸಾಗುವ ದಾರಿಯಲ್ಲಿ

ನೋಡಿದ್ದನ್ನು ಅಂದೇ ರಾತ್ರಿ ಬರೆದಿಡಿ, ಗುಹೆಯ ಸಂಖ್ಯೆ, ಗೋಡೆ ಎಡವೋ ಬಲವೋ ಸಮೇತ. ಒಂದು ವಾರ ಕಳೆದರೆ ಎಲ್ಲ ಗುಹೆಗಳೂ ನೆನಪಿನಲ್ಲಿ ಕಲಸಿಕೊಳ್ಳುತ್ತವೆ. 52ರ ಹೆದ್ದಾರಿಯಲ್ಲೇ ಹಿಂದಿರುಗುವವರು ವಿಜಯಪುರ ದಾಟಿದ ಮೇಲೆ ಬಾದಾಮಿಗೆ ತಿರುಗಿಕೊಳ್ಳಿ. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನವಿರುವ 3ನೇ ಗುಹೆ ವಿಷ್ಣುವಿನದು. ಧರ್ಮ ಬೇರೆ, ಆದರೆ ಅಜಂತಾದ ಕುಂಚ ನಿಂತ ಮೇಲೆ ಒಂದು ಶತಮಾನದಲ್ಲಿ ದಖ್ಖನಿನ ಚಿತ್ರಕಾರರು ಏನು ಬರೆಯುತ್ತಿದ್ದರೆಂಬುದಕ್ಕೆ ಉಳಿದ ಸಾಕ್ಷಿ ಅದು. ಶಿಲ್ಪಗಳ ಮುಂದೆ ನಿಲ್ಲುವವರೆಲ್ಲ ಮೇಲೆ ನೋಡದೆ ಹೊರಡುತ್ತಾರೆ. ಮುಂಚಾಚಿದ ಸೂರಿನ ಒಳಬಾಗಿನಲ್ಲಿ, ಅರಮನೆಯ ಸಂಗೀತ, ನೃತ್ಯದ ದೃಶ್ಯದ ತುಣುಕುಗಳು ಮಸುಕಾಗಿ ಉಳಿದಿವೆ. ದುರ್ಬೀನು ಬೇಕಾಗುವುದು ಅಲ್ಲಿಯೂ ಹೌದು.